ಢೋಲಕ್‌ಪುರದಿಂದ ಏಕಚಕ್ರಪುರಕ್ಕೆ

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ದೊಡ್ಡ ಊರೇನೂ ಅಲ್ಲ. ಹೋಬಳಿ ಕೇಂದ್ರವೆಂಬ ಗೌರವ ಅದಕ್ಕುಂಟು. ಮಳೆ ಬಂದರೆ ತುಂಬುವ ಕೆರೆಗಳು, ಬಾರದಿದ್ದರೆ ಇನ್ನೂ ಆಳಕ್ಕೆ ಇಳಿಯುವ ಕೊಳವೆಬಾವಿಗಳು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆ ಇದು. ಆದರೂ ರಾಗಿ, ತರಕಾರಿ, ದ್ರಾಕ್ಷಿ, ರೇಷ್ಮೆ ಬೆಳೆದು ಬೆಂಗಳೂರಿಗೆ ಉಣಿಸುತ್ತದೆ, ಉಡಿಸುತ್ತದೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ಈ ಭಾಗದ ಬಹಳಷ್ಟು ಮನೆಗಳಲ್ಲಿ ಆಡುವ ಮಾತು ತೆಲುಗು, ಓದುವ ಭಾಷೆ ಕನ್ನಡ. ಮಕ್ಕಳ ಬಾಯಲ್ಲಿ ಈಗ ಮೂರನೆಯದೊಂದು ಭಾಷೆಯೂ ಸೇರಿಕೊಂಡಿದೆ. ಅದು ಕಾರ್ಟೂನು ಹಿಂದಿ!

ಈ ಹಿಂದಿಯನ್ನು ಕಲಿಸಿದ ಗುರುಗಳಲ್ಲಿ ಮುಖ್ಯನಾದವನು ಕಿತ್ತಳೆ ಬಣ್ಣದ ಕಚ್ಚೆ ಕಟ್ಟಿದ, ಬರಿ ಮೈಯ, ಒಂಬತ್ತು ವರ್ಷದ ಪೋರ. ಹೆಸರು ಛೋಟಾ ಭೀಮ್. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ ಸೃಷ್ಟಿಸಿದ ಈ ಹುಡುಗ 2008ರಲ್ಲಿ ಪೋಗೋ ವಾಹಿನಿಯಲ್ಲಿ ಮೊದಲು ಕಾಣಿಸಿಕೊಂಡ. ಅಲ್ಲಿಂದ ಮಕ್ಕಳ ಚೀಲ, ಟಿಫನ್ ಡಬ್ಬಿ, ಪೆನ್ಸಿಲ್ ಪೆಟ್ಟಿಗೆಗಳ ಮೇಲೆ ಹತ್ತಿ ಕುಳಿತವನು ಇನ್ನೂ ಇಳಿದಿಲ್ಲ. 2019ರಲ್ಲಿ ಅವನ ತೊಟ್ಟಿಲು ಬಿಟ್ಟ ದಿನಗಳ ಕಥೆ, ಮಾತೇ ಇಲ್ಲದ ಸರಣಿಯಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದು ದೇಶವಿದೇಶಗಳ ಕೂಸುಗಳನ್ನೂ ನಗಿಸಿತು.

ಸಂಜೆಯ ಹೊತ್ತು ಮನೆಮನೆಯಲ್ಲೂ ಕೇಳಿಬರುವ ದೂರು ಒಂದೇ ಬಗೆಯದು. ‘ಕರೆದರೆ ತಿರುಗಿ ನೋಡೋಲ್ಲ, ಅನ್ನ ಕಲಸಿಟ್ಟು ತಣ್ಣಗಾಯ್ತು, ಆ ಟಿ.ವಿ. ಒಳಗೆ ಏನಿದೆಯೋ ಆ ದೇವರಿಗೇ ಗೊತ್ತು’ ಎಂದು ಅಮ್ಮಂದಿರು ಗೊಣಗುತ್ತಾರೆ. ದೇವರನ್ನು ಕೇಳುವ ಮೊದಲು ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಬಹುದು. ಅಲ್ಲಿ ಢೋಲಕ್‌ಪುರ ಎಂಬ ಊರಿದೆ. ಇಂದ್ರವರ್ಮ ಎಂಬ ರಾಜನಿದ್ದಾನೆ. ಟುನ್‌ಟುನ್ ಮೌಸಿಯ ಲಾಡು ಅಂಗಡಿಯಿದೆ. ಅವಳ ಮಗಳು ಚುಟ್ಕಿ, ಪುಟಾಣಿ ರಾಜು, ಮಾತನಾಡುವ ಕೋತಿ ಜಗ್ಗು ಇವರು ಭೀಮನ ಗೆಳೆಯರು. ಹೊಟ್ಟೆಕಿಚ್ಚಿನ ಕಾಲಿಯಾ, ಅವನ ಬಾಲ ಹಿಡಿದ ಅವಳಿಗಳಾದ ಢೋಲು-ಭೋಲು ಇವರು ಎದುರು ಪಕ್ಷ. ಊರಿಗೆ ರಾಕ್ಷಸನೋ ದರೋಡೆಕೋರನೋ ಮಾಂತ್ರಿಕನೋ ಬರುತ್ತಾನೆ. ಸೈನಿಕರು ಕೈಚೆಲ್ಲುತ್ತಾರೆ. ಭೀಮ ಲಾಡು ತಿಂದು ತೋಳು ಉಬ್ಬಿಸಿ ಒಂದು ಗುದ್ದು ಕೊಡುತ್ತಾನೆ. ಜಯಕಾರ, ಮುಕ್ತಾಯ.

ಇಷ್ಟೇ ಆದರೆ ದೂರು ನ್ಯಾಯವೇ. ಗುದ್ದಿನ ಬಗ್ಗೆ ತಂದೆತಾಯಿಗಳಿಗಿರುವ ಆತಂಕವೂ ಬುಡವಿಲ್ಲದ್ದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದ ಆರಂಭದಲ್ಲಿ ಗಾಳಿ ತುಂಬಿದ ಗೊಂಬೆಯೊಂದನ್ನಿಟ್ಟು ಮಾಡಿದ ಪ್ರಯೋಗಗಳು ಪ್ರಸಿದ್ಧ. ಗೊಂಬೆಯನ್ನು ದೊಡ್ಡವರು ಬಡಿಯುವುದನ್ನು ನೋಡಿದ ಮಕ್ಕಳು ತಾವೂ ಬಡಿದರು. ಬೆಕ್ಕಿನ ವೇಷ ತೊಟ್ಟವರು ಬಡಿಯುವ ಕಾರ್ಟೂನಿನಂಥ ಚಿತ್ರ ನೋಡಿದವರೂ ಬಡಿದರು. ಆದರೆ ದೊಡ್ಡವರೊಬ್ಬರು ಪಕ್ಕದಲ್ಲಿದ್ದು ‘ಹಾಗೆ ಹೊಡೆಯಬಾರದು’ ಎಂದು ನೋಡುವಾಗಲೇ ಹೇಳಿದರೆ ಈ ಅನುಕರಣೆ ಕಡಿಮೆಯಾಗುವುದನ್ನು ನಂತರದ ಅಧ್ಯಯನಗಳು ಗಮನಿಸಿವೆ. ದೂರು ಹೇಳುವ ಎಷ್ಟು ಮನೆಗಳಲ್ಲಿ ಪಕ್ಕದಲ್ಲಿ ಕುಳಿತವರಿದ್ದಾರೆ?

ಕುಳಿತವರಿಗೆ ಗುದ್ದಿನ ಆಚೆಗೂ ಕೆಲವು ಸಂಗತಿಗಳು ಕಾಣುತ್ತವೆ. ಕಾಲಿಯಾ ಪ್ರತಿಸಲ ಮೋಸ ಮಾಡುತ್ತಾನೆ, ಪ್ರತಿಸಲ ಸಿಕ್ಕಿಬೀಳುತ್ತಾನೆ. ಮುಂದಿನ ಕಂತಿನಲ್ಲಿ ಅದೇ ಮೈದಾನದಲ್ಲಿ ಅದೇ ಭೀಮನ ಜೊತೆ ಆಟಕ್ಕಿರುತ್ತಾನೆ. ಅವನನ್ನು ಊರು ಬಿಟ್ಟು ಓಡಿಸಿದವರಿಲ್ಲ. ಇದು ಸಣ್ಣ ಮಾತೇನಲ್ಲ. ಇನ್ನು ಆ ರಾಜ ಇಂದ್ರವರ್ಮ! ಒಳ್ಳೆಯ ಮನುಷ್ಯನೇ. ಆದರೆ ಪ್ರಾಯಕ್ಕೆ ಬಂದ ಒಂದು ಸೈನ್ಯವನ್ನು ಸಾಕಿಕೊಂಡಿದ್ದೂ ಕಷ್ಟ ಬಂದಾಗಲೆಲ್ಲ ಒಂಬತ್ತು ವರ್ಷದ ಹುಡುಗನಿಗೆ ಹೇಳಿಕಳುಹಿಸುತ್ತಾನೆ. ‘ಸೈನಿಕರು ಏನು ಮಾಡ್ತಿದ್ದಾರಪ್ಪಾ?’ ಎಂದು ಮಗುವೊಂದು ಕೇಳಿಬಿಟ್ಟರೆ ಉತ್ತರ ಸುಲಭವಲ್ಲ. ಈ ಪ್ರಶ್ನೆ ಹಳೆಯದು. ಅದನ್ನು ಮೊದಲು ಕೇಳಿದ ಊರು ಮಂಡಿಕಲ್ಲಿನಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿದೆ ಎಂಬುದು ಈ ಸೀಮೆಯವರ ನಂಬಿಕೆ.

ಚಿಕ್ಕಬಳ್ಳಾಪುರಕ್ಕೆ ಬಂದು ಪೂರ್ವಕ್ಕೆ ತಿರುಗಿದರೆ ಶಿಡ್ಲಘಟ್ಟ, ಮುಂದೆ ಚಿಂತಾಮಣಿ. ಒಂದು ಕಾಲಕ್ಕೆ ನ್ಯಾರೋಗೇಜಿನ ಪುಟ್ಟ ರೈಲು ಓಡಾಡುತ್ತಿದ್ದ ದಾರಿ ಇದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡದೆ ಮುಂದೆ ಹೋಗುವಂತಿಲ್ಲ. ಗೂಡು ತುಂಬಿದ ಟ್ರೇಗಳ ಸಾಲು, ಹಿಡಿ ಹಿಡಿಯಾಗಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡುವ ರೀಲರುಗಳು, ಬೆಲೆಗಾಗಿ ಕಾದು ನಿಂತ ರೈತರು. ಹುಳು ಸಾಕುವ ಮನೆಯ ಮಕ್ಕಳಿಗೆ ‘ಬಕಾಸುರ’ ಎಂಬ ಪದದ ಅರ್ಥವನ್ನು ಬೇರೆ ಹೇಳಬೇಕಿಲ್ಲ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ತಿನ್ನುತ್ತದೆ. ಹೊರೆ ಹೊರೆ ತಂದು ಹಾಕಿದರೂ ಸಾಲದು; ಮೇಯುವ ಸದ್ದು ಮಳೆ ಬಿದ್ದಂತೆ ಮನೆಯಿಡೀ ಕೇಳುತ್ತದೆ. ಆ ಒಂದು ವಾರ ಮನೆಮಂದಿಗೆಲ್ಲ ನಿದ್ದೆಯಿಲ್ಲ, ಮಕ್ಕಳಿಗೆ ಟಿ.ವಿ.ಯೂ ಇಲ್ಲ.

ಚಿಂತಾಮಣಿಯಿಂದ ಬೆಂಗಳೂರಿನ ದಿಕ್ಕಿಗೆ ಸ್ವಲ್ಪ ದೂರ ಸಾಗಿದರೆ ಕೈವಾರ. ದ್ವಾಪರಯುಗದಲ್ಲಿ ಇದೇ ಏಕಚಕ್ರಪುರವಾಗಿತ್ತೆಂದೂ, ಅರಗಿನ ಮನೆಯಿಂದ ಪಾರಾದ ಪಾಂಡವರು ಬ್ರಾಹ್ಮಣ ವೇಷದಲ್ಲಿ ಇಲ್ಲಿ ತಂಗಿದ್ದರೆಂದೂ ಪ್ರತೀತಿ. ಊರಿನ ಬೆನ್ನಿಗೆ ನಿಂತ ಬೆಟ್ಟದಲ್ಲಿ ಭೀಮ ಬಕಾಸುರನನ್ನು ಕೊಂದು ಹುಗಿದನಂತೆ. ಬೆಟ್ಟದ ಬಿರುಕಿನಿಂದ ಅವನ ರಕ್ತ ಇಂದಿಗೂ ಒಸರುತ್ತದೆ ಎನ್ನುವವರುಂಟು. ಬಂಡೆಯಲ್ಲಿನ ಖನಿಜ ನೀರಿನಲ್ಲಿ ಕರಗಿ ಕೆಂಪಗೆ ಇಳಿಯುವುದು ಬೇರೆ ಕಡೆಯೂ ಉಂಟೆಂದು ವಿಜ್ಞಾನದ ಮೇಷ್ಟ್ರು ಹೇಳಿಯಾರು. ಮಕ್ಕಳು ಎರಡನ್ನೂ ಕೇಳಿಸಿಕೊಳ್ಳಲಿ. ಊರಿನಲ್ಲಿ ಅಮರನಾರಾಯಣಸ್ವಾಮಿಯ ಗುಡಿಯಿದೆ, ಭೀಮನೇ ಪೂಜಿಸಿದನೆನ್ನುವ ಭೀಮಲಿಂಗೇಶ್ವರನಿದ್ದಾನೆ.

ಏಕಚಕ್ರ ತಮ್ಮದೆನ್ನುವ ಊರುಗಳು ಭಾರತದಲ್ಲಿ ಇನ್ನೂ ಇವೆ. ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲೊಂದಿದೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯೇ ಇದೆ. ಯಾವುದು ನಿಜವೆಂದು ಜಗಳಕ್ಕೆ ನಿಲ್ಲುವುದಕ್ಕಿಂತ, ಇಷ್ಟೊಂದು ಊರುಗಳು ಈ ಕಥೆ ತಮ್ಮಲ್ಲೇ ನಡೆಯಿತೆಂದು ಏಕೆ ಹಟ ಹಿಡಿದಿವೆ ಎಂದು ಯೋಚಿಸುವುದು ಹೆಚ್ಚು ರುಚಿಕರ. ಒಂದೇ ಜಿಲ್ಲೆಯ ಮತ್ತೊಂದು ತುದಿಯಲ್ಲಿ, ಗೌರಿಬಿದನೂರು ತಾಲ್ಲೂಕಿನಲ್ಲಿ, ವಿದುರಾಶ್ವತ್ಥವಿದೆ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿದ ಸ್ಥಳ ಅದು. ಅಲ್ಲಿಯ ಅಶ್ವತ್ಥವನ್ನು ನೆಟ್ಟವನು ವಿದುರನೆಂಬುದು ಐತಿಹ್ಯ. ಅರಗಿನ ಮನೆಯ ಗುಟ್ಟನ್ನು ಪಾಂಡವರಿಗೆ ಸೂಚಿಸಿದವನು ಆ ವಿದುರನೇ. ಅವನು ಸೂಚಿಸದಿದ್ದರೆ ಭೀಮ ಏಕಚಕ್ರಕ್ಕೆ ಬರುವುದೇ ಇರಲಿಲ್ಲ!

ಬಕಾಸುರನ ಕಥೆ ಗೊತ್ತಿಲ್ಲದವರಾರು? ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಭೀಮ ಅನ್ನವನ್ನೆಲ್ಲ ತಾನೇ ತಿಂದು ರಾಕ್ಷಸನನ್ನು ಕೊಂದ. ಯಕ್ಷಗಾನದಿಂದ ಹಿಡಿದು ಅಜ್ಜಿಯ ತೊಡೆಯವರೆಗೆ ಎಲ್ಲೆಡೆ ನಗು ಉಕ್ಕಿಸುವ ಕಥೆ ಇದು. 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ಮಹಾಭಾರತವನ್ನು ಊರಿಗೊಂದೇ ಟಿ.ವಿ.ಯ ಮುಂದೆ ಒತ್ತಿಕೊಂಡು ಕುಳಿತು ನೋಡಿದ ಇಂದಿನ ತಂದೆತಾಯಿಗಳಿಗೆ ಭೀಮನೆಂದರೆ ಈಗಲೂ ಪ್ರವೀಣ್ ಕುಮಾರ್. ಏಷ್ಯನ್ ಕ್ರೀಡೆಗಳಲ್ಲಿ ಡಿಸ್ಕಸ್ ಎಸೆದು ಚಿನ್ನ ಗೆದ್ದಿದ್ದ ಆಳು. ಆದರೆ ವ್ಯಾಸಭಾರತದ ಆದಿಪರ್ವದಲ್ಲಿ ಈ ಕಥೆಯ ಮುಕ್ಕಾಲು ಪಾಲು ಹೊಡೆದಾಟವಲ್ಲ. ಒಂದು ಮನೆಯೊಳಗಿನ ಮಾತುಕತೆ.

ರಾಕ್ಷಸನಿಗೆ ದಿನವೂ ಊಟ ಕಳುಹಿಸುವುದು ಸರದಿಯ ಪ್ರಕಾರ. ಒಂದು ಮನೆಗೆ ಸರದಿ ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ಬರುವವರೆಗೆ ಎಲ್ಲರೂ ಆರಾಮವಾಗಿದ್ದಾರೆ. ಪಕ್ಕದ ಮನೆಯ ಬಂಡಿ ಹೊರಟಾಗ ಬಾಗಿಲು ಮುಚ್ಚಿಕೊಂಡಿದ್ದಾರೆ. ಪಾಂಡವರು ತಂಗಿದ್ದ ಮನೆಗೇ ಒಂದು ದಿನ ಸರದಿ ಬಂತು. ನಾಲ್ವರು ಮಕ್ಕಳು ಭಿಕ್ಷೆಗೆ ಹೋಗಿದ್ದರು. ಕುಂತಿಯೂ ಭೀಮನೂ ಮನೆಯಲ್ಲಿದ್ದಾಗ ಒಳಗಿನಿಂದ ಅಳು ಕೇಳಿಸಿತು.

ಯಜಮಾನ ಹೆಂಡತಿಗೆ ಹೇಳುತ್ತಿದ್ದಾನೆ: ಈ ಊರು ಬಿಡೋಣವೆಂದು ಹಿಂದೆಯೇ ಹೇಳಿದ್ದೆ, ಹುಟ್ಟಿ ಬೆಳೆದ ಊರೆಂದು ನೀನು ಒಪ್ಪಲಿಲ್ಲ. ಈಗ ಯಾರನ್ನು ಕಳುಹಿಸಲಿ? ನಿನ್ನನ್ನು ಕೊಡಲಾರೆ, ಮಗಳನ್ನು ಕೊಡಲಾರೆ, ಮಗನನ್ನು ಕೊಡಲಾರೆ. ನಾನು ಹೋದರೆ ನೀವು ಬದುಕಲಾರಿರಿ. ಹೆಂಡತಿ ಅನ್ನುತ್ತಾಳೆ: ನಾನು ಹೋಗುತ್ತೇನೆ, ಮಕ್ಕಳನ್ನು ಸಾಕಲು ನೀವು ಬೇಕು, ಹೆಂಗಸೆಂದು ಅವನು ಬಿಟ್ಟರೂ ಬಿಟ್ಟಾನು. ಮಗಳು ನಡುವೆ ಬಂದು, ಹೇಗಿದ್ದರೂ ಒಂದು ದಿನ ನನ್ನನ್ನು ಕೊಟ್ಟು ಕಳುಹಿಸುವವರೇ ತಾನೆ, ಈಗಲೇ ಕೊಟ್ಟು ಎಲ್ಲರೂ ಉಳಿಯಿರಿ ಎಂದು ವಾದಿಸುತ್ತಾಳೆ. ಇಂದಿನ ಹೈಸ್ಕೂಲು ಹುಡುಗಿಯರು ಈ ಮಾತನ್ನು ಒಪ್ಪಬೇಕಿಲ್ಲ. ಒಪ್ಪದೆ ಜಗಳವಾಡಿದರೆ ಇನ್ನೂ ಒಳ್ಳೆಯದು. ಆದರೆ ಆ ಹುಡುಗಿಯ ಮಾತಿನಲ್ಲಿ ಎಷ್ಟು ತ್ಯಾಗ, ಎಷ್ಟು ಕಹಿ ಬೆರೆತಿದೆಯೆಂದು ಅವರಿಗೆ ದೊಡ್ಡವರಿಗಿಂತ ಚೆನ್ನಾಗಿ ತಿಳಿದೀತು.

ಮೂವರೂ ಅಳುತ್ತ ಕುಳಿತಾಗ ಮನೆಯ ಕೂಸು ಕಣ್ಣರಳಿಸಿ ಒಬ್ಬೊಬ್ಬರ ಬಳಿಗೂ ತಪ್ಪುಹೆಜ್ಜೆ ಇಡುತ್ತ ಹೋಗುತ್ತದೆ. ಅಳಬೇಡ ಅಪ್ಪಾ, ಅಳಬೇಡ ಅಮ್ಮಾ, ಅಳಬೇಡ ಅಕ್ಕಾ ಎಂದು ತೊದಲುತ್ತದೆ. ಆಮೇಲೆ ಒಂದು ಹುಲ್ಲುಕಡ್ಡಿಯನ್ನು ಎತ್ತಿ ಹಿಡಿದು, ಇದರಿಂದ ಆ ರಾಕ್ಷಸನನ್ನು ಕೊಂದುಬಿಡುತ್ತೇನೆ ಎನ್ನುತ್ತದೆ! ಸಾವು ಬಾಗಿಲಲ್ಲಿ ನಿಂತಿದ್ದರೂ ಮೂವರ ಮುಖದಲ್ಲೂ ನಗು ಮೂಡುತ್ತದೆ. ಕುಂತಿ ಒಳಗೆ ಕಾಲಿಡುವುದು ಆ ಗಳಿಗೆಯಲ್ಲಿ.

ವ್ಯಾಸರ ಈ ಕೂಸಿಗೂ ಲಾಡು ತಿಂದು ತೋಳು ಉಬ್ಬಿಸುವ ಢೋಲಕ್‌ಪುರದ ಪೋರನಿಗೂ ನಂಟಿದೆ. ಮಕ್ಕಳು ಕಾರ್ಟೂನನ್ನು ಮೆಚ್ಚುವುದು ಏಕೆಂದು ತಿಳಿಯಲು ಆ ಹುಲ್ಲುಕಡ್ಡಿಯನ್ನು ನೆನೆದರೆ ಸಾಕು. ದೊಡ್ಡವರು ಕೈಚೆಲ್ಲಿ ಕುಳಿತಾಗ ‘ನಾನು ಹೋಗ್ತೀನಿ’ ಎನ್ನುವ ಆಸೆ ಪ್ರತಿ ಮಗುವಿನಲ್ಲೂ ಇರುತ್ತದೆ. ಕಾರ್ಟೂನು ಆ ಆಸೆಯನ್ನು ಪೂರೈಸಿ ಕಳುಹಿಸುತ್ತದೆ. ವ್ಯಾಸರು ಅದನ್ನು ಪೂರೈಸುವುದಿಲ್ಲ. ಕೂಸನ್ನು ಕೂಸಾಗಿಯೇ ಬಿಟ್ಟು, ದೊಡ್ಡವರು ಮಾಡಬೇಕಾದ್ದನ್ನು ದೊಡ್ಡವರಿಂದಲೇ ಮಾಡಿಸುತ್ತಾರೆ.

ಕುಂತಿ ತನ್ನ ಐವರಲ್ಲಿ ಒಬ್ಬನನ್ನು ಕಳುಹಿಸುತ್ತೇನೆ ಎಂದಾಗ ಆ ಬ್ರಾಹ್ಮಣ ಒಪ್ಪುವುದಿಲ್ಲ ಎಂಬುದನ್ನು ಗಮನಿಸಬೇಕು. ಮನೆಗೆ ಬಂದ ಅತಿಥಿಯ ಪ್ರಾಣದಿಂದ ತನ್ನ ಪ್ರಾಣ ಉಳಿಸಿಕೊಳ್ಳುವುದು ಪಾಪ ಎನ್ನುತ್ತಾನೆ. ಹೆದರಿ ನಡುಗುತ್ತಿರುವವನ ಬಾಯಲ್ಲಿ ಈ ಮಾತು! ಕುಂತಿ ಬಹಳ ಹೇಳಿ ಒಪ್ಪಿಸುತ್ತಾಳೆ. ಸಂಜೆ ಧರ್ಮರಾಯ ಬಂದು ವಿಷಯ ತಿಳಿದು ಅಮ್ಮನ ಮೇಲೆ ರೇಗುತ್ತಾನೆ. ಯಾರ ತೋಳನ್ನು ನಂಬಿ ನಾವು ನಿದ್ದೆ ಮಾಡುತ್ತೇವೋ ಅವನನ್ನೇ ಕಳುಹಿಸಲು ಮನಸ್ಸು ಹೇಗೆ ಬಂತು ಎಂದು ಕೇಳುತ್ತಾನೆ. ಧರ್ಮರಾಯನೇ ಇಲ್ಲಿ ಲೆಕ್ಕಾಚಾರದ ಮಾತಾಡುತ್ತಾನೆ. ತಾಯಿ ಧರ್ಮದ ಮಾತಾಡುತ್ತಾಳೆ: ಇವರ ಮನೆಯಲ್ಲಿ ನೆಮ್ಮದಿಯಾಗಿದ್ದೇವೆ, ಉಪಕಾರ ಪಡೆದವನು ಪಡೆದದ್ದಕ್ಕಿಂತ ಹೆಚ್ಚಾಗಿ ತೀರಿಸಬೇಕು. ಜೊತೆಗೆ, ಮಗನ ಶಕ್ತಿ ತನಗೆ ಗೊತ್ತು ಎಂದೂ ಹೇಳುತ್ತಾಳೆ. ಬರೀ ಭಾವುಕಳಲ್ಲ ಕುಂತಿ.

ಮೊದಲು ಬಂದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಸೀಮೆಗೆ ರಾಜನಿಲ್ಲವೆ? ಇದ್ದಾನೆ. ವೇತ್ರಕೀಯಗೃಹ ಎಂಬಲ್ಲಿ ತನ್ನ ಪಾಡಿಗೆ ತಾನಿದ್ದಾನೆ, ಪ್ರಜೆಗಳನ್ನು ಕಾಯುವ ದಾರಿ ಹುಡುಕುವುದಿಲ್ಲ ಎಂದು ಬ್ರಾಹ್ಮಣ ಬಾಯಿಬಿಟ್ಟೇ ದೂರುತ್ತಾನೆ. ಕೈಲಾಗದ ರಾಜನ ನಾಡಿನಲ್ಲಿ ಉಳಿದದ್ದೇ ತಪ್ಪಾಯಿತು ಎಂದು ಹಲುಬುತ್ತಾನೆ. ಢೋಲಕ್‌ಪುರದಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ಅಲ್ಲಿ ಕೇಡು ಯಾವಾಗಲೂ ಹೊರಗಿನಿಂದಲೇ ಬರುತ್ತದೆ, ಕಂತು ಮುಗಿಯುವುದರೊಳಗೆ ಹೋಗುತ್ತದೆ. ಏಕಚಕ್ರದ ಕೇಡು ಊರಿನ ಲೆಕ್ಕಪುಸ್ತಕದಲ್ಲೇ ಸೇರಿಕೊಂಡಿದೆ. ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದಾರೆ. ಇಂಥ ಸರದಿಯ ವ್ಯವಸ್ಥೆಗಳನ್ನು ಮಕ್ಕಳು ತಮ್ಮ ತರಗತಿಯಲ್ಲೇ ಕಂಡಿರುತ್ತಾರೆ. ಒಬ್ಬ ಪುಂಡ ದಿನಕ್ಕೊಬ್ಬರ ತಿಂಡಿ ಕಿತ್ತುಕೊಳ್ಳುತ್ತಾನೆ. ಇವತ್ತು ನನ್ನದಲ್ಲವಲ್ಲ ಎಂದು ಉಳಿದವರು ಸುಮ್ಮನಿರುತ್ತಾರೆ.

ಕಾಳಗದ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಬಿಡಬಹುದು. ರಾಕ್ಷಸ ಬೆನ್ನಿಗೆ ಗುದ್ದುತ್ತಿದ್ದರೂ ಊಟ ನಿಲ್ಲಿಸದ ಭೀಮ, ತಿಂದು ಮುಗಿಸಿ ಆಚಮನ ಮಾಡಿಯೇ ಏಳುತ್ತಾನೆ ಎಂಬ ವಿವರ ಮಾತ್ರ ಎಷ್ಟು ಸಲ ಕೇಳಿದರೂ ಹಳಸುವುದಿಲ್ಲ. ಅದರ ನಂತರದ್ದನ್ನು ಮಾತ್ರ ಹೆಚ್ಚಿನ ಅಜ್ಜಿಯರೂ ಹೇಳುವುದಿಲ್ಲ. ಬಕ ಸತ್ತ ಸದ್ದಿಗೆ ಅವನ ಬಂಧುಬಳಗ ನಡುಗುತ್ತ ಹೊರಗೆ ಬರುತ್ತದೆ. ಭೀಮ ಅವರನ್ನು ಬಡಿಯುವುದಿಲ್ಲ. ಸಮಾಧಾನ ಹೇಳಿ, ಇನ್ನು ಮೇಲೆ ಮನುಷ್ಯರನ್ನು ಹಿಂಸಿಸಬಾರದೆಂದು ಮಾತು ತೆಗೆದುಕೊಂಡು ಬಿಟ್ಟುಬಿಡುತ್ತಾನೆ. ಕಾಲಿಯಾನನ್ನು ಮರುದಿನ ಆಟಕ್ಕೆ ಕರೆಯುವ ಪೋರನ ಗುಣ ಎಲ್ಲಿಂದ ಬಂತೆಂದು ಹುಡುಕುವವರಿಗೆ ಇದು ಸಿಗುತ್ತದೆ. ಹೈದರಾಬಾದಿನ ಚಿತ್ರಕಾರರು ಇದನ್ನು ಓದಿಯೇ ಬರೆದರೋ, ಇಲ್ಲವೋ, ಅದು ಬೇರೆ ಮಾತು. ರಕ್ತದಲ್ಲಿರುವ ಕಥೆಗಳು ಓದದೆಯೂ ಬರುತ್ತವೆ.

ಬಕನ ಹೆಣವನ್ನು ಊರಬಾಗಿಲಲ್ಲಿ ಎಸೆದು ಭೀಮ ಯಾರ ಕಣ್ಣಿಗೂ ಬೀಳದೆ ಮನೆ ಸೇರುತ್ತಾನೆ. ಬೆಳಗಾಗಿ ಊರು ನೆರೆದು, ನಿನ್ನೆಯ ಸರದಿ ಯಾರದೆಂದು ಎಣಿಸಿ ಬ್ರಾಹ್ಮಣನನ್ನು ಕೇಳಿದರೆ ಅವನು ಕೊಟ್ಟ ಮಾತಿನಂತೆ ಗುಟ್ಟು ಬಿಡುವುದಿಲ್ಲ. ಯಾರೋ ಮಂತ್ರಸಿದ್ಧ ಬ್ರಾಹ್ಮಣ ಕರುಣೆಯಿಂದ ಬಂದು ಹೋದ ಎನ್ನುತ್ತಾನೆ. ಊರು ಹಬ್ಬ ಮಾಡುತ್ತದೆ. ಭೀಮನ ಹೆಸರು ಆ ಹಬ್ಬದಲ್ಲಿ ಎಲ್ಲೂ ಇಲ್ಲ. ಢೋಲಕ್‌ಪುರದ ಜಯಕಾರಕ್ಕೆ ಒಗ್ಗಿದ ಮಕ್ಕಳಿಗೆ ಇದು ಸಪ್ಪೆಯೆನಿಸಬಹುದು. ಒಂದು ಬಹುಮಾನವೂ ಇಲ್ಲವೆ? ತಾನೇ ಮಾಡಿದ್ದೆಂದು ಏಕೆ ಹೇಳಲಿಲ್ಲ? ಅಜ್ಞಾತವಾಗಿದ್ದರಲ್ಲ ಎಂಬುದು ಸುಲಭದ ಉತ್ತರ. ಅದರಿಂದಾಚೆಗೂ ಮಾತು ಬೆಳೆಯಬಲ್ಲದು.

ಕಾರ್ಟೂನನ್ನು ಸುಮ್ಮನೆ ಬಯ್ಯುವುದರಿಂದ ಹೀಗೆ ಮಾತು ಬೆಳೆಯದು. ಹೊಸದರ ಬಗ್ಗೆ ಹಳಬರ ಆತಂಕ ಹೊಸದೇನಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ‘ಅಮರ ಚಿತ್ರಕಥೆ’ಯನ್ನು ಹೊರತಂದ ಕಾಲದಲ್ಲಿ ಚಿತ್ರಕಥೆಯೆಂದರೆ ಓದು ಕೆಡಿಸುವ ವಸ್ತು ಎನ್ನುವ ಮೇಷ್ಟ್ರುಗಳಿದ್ದರು. ಇಂದು ಅದೇ ಪುಸ್ತಕಗಳನ್ನು ಮಕ್ಕಳಿಗೆ ಬಹುಮಾನವಾಗಿ ಕೊಡುತ್ತಾರೆ. ಕನ್ನಡದ ಮಕ್ಕಳ ಕಷ್ಟವೇ ಬೇರೆ. ಡಬ್ಬಿಂಗ್ ಬೇಡವೆಂಬ ದಶಕಗಳ ಹಟದಿಂದಾಗಿ ಅವರ ಪಾಲಿಗೆ ಕಾರ್ಟೂನು ಬಹುಕಾಲ ಹಿಂದಿ, ಇಂಗ್ಲಿಷ್ ಅಥವಾ ತೆಲುಗಿನದೇ ಆಗಿತ್ತು. ಮಕ್ಕಳಿಗೆಂದೇ ಕನ್ನಡದ ಚಿಂಟು ಟಿ.ವಿ. ಆರಂಭವಾದದ್ದು 2009ರಲ್ಲಿ. ಹಟದ ಹಿಂದೆ ಕಲಾವಿದರ ಹೊಟ್ಟೆಪಾಡಿನ ನಿಜವಾದ ಭಯವಿತ್ತು, ಒಪ್ಪಬೇಕಾದ್ದೇ. ಆದರೆ ಪರಭಾಷೆಯಲ್ಲಿ ನೋಡಿದ ಮಗುವಿಗೆ ಗುದ್ದು ಅರ್ಥವಾಗುತ್ತದೆ, ಮಾತು ಜಾರಿಹೋಗುತ್ತದೆ. ನೀತಿಯಿದ್ದದ್ದು ಮಾತಿನಲ್ಲಿ.

ಆದ್ದರಿಂದ ಕೈವಾರಕ್ಕೆ ಹೋಗುವ ಮೊದಲು ಒಂದು ಕಂತು ಛೋಟಾ ಭೀಮ್ ನೋಡಿ, ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ದಲ್ಲಿ ಬಕವಧೆಯ ಭಾಗವನ್ನು ಗಟ್ಟಿಯಾಗಿ ಓದಿಕೊಂಡು ಹೊರಟರೆ ಬೆಟ್ಟ ಬೇರೆಯಾಗಿಯೇ ಕಾಣುತ್ತದೆ. ನೀರಿನ ಬಾಟಲಿ ಮರೆಯಬಾರದು; ಬೇಸಿಗೆಯಲ್ಲಿ ಬಂಡೆ ಕಾಯುತ್ತದೆ. ತಿಂಡಿಯ ಪೊಟ್ಟಣಗಳನ್ನು ಕೋತಿಗಳಿಂದ ಕಾಪಾಡಿಕೊಳ್ಳಬೇಕು. ಅವು ಜಗ್ಗುವಿನಷ್ಟು ಸಜ್ಜನರಲ್ಲ.

ಬೆಟ್ಟ ಇಳಿದು ಬಂದವರನ್ನು ಕೈವಾರ ಇನ್ನೊಬ್ಬರ ಹೆಸರಿನಲ್ಲಿ ಎದುರುಗೊಳ್ಳುತ್ತದೆ. ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾಗಿ, ಕೈವಾರ ತಾತಯ್ಯನೆಂದು ಜನರ ಪ್ರೀತಿ ಗಳಿಸಿದ ಊರು ಇದು. 1726ರಿಂದ 1836ರವರೆಗೆ 110 ವರ್ಷ ಬಾಳಿದರೆಂದು ಹೇಳಲಾಗುವ ಯೋಗಿ ನಾರೇಯಣರು ಈ ಸೀಮೆಯ ಮನೆಗಳಂತೆಯೇ ಎರಡು ಭಾಷೆಯವರು. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಅವರ ಹೆಸರಿನ ಮಠದಲ್ಲಿ ಬಂದವರಿಗೆಲ್ಲ ಊಟವಿದೆ. ಮಂಡಿಕಲ್ಲಿನ ಕಡೆಯಿಂದ ಬಸ್ಸು ಹಿಡಿದು ಬಂದ ಮಕ್ಕಳು ಅಷ್ಟು ಹೊತ್ತಿಗೆ ಹಸಿದಿರುತ್ತಾರೆ. ಸಾಲಾಗಿ ನೆಲದ ಮೇಲೆ ಕುಳಿತರೆ ಬಿಸಿ ಅನ್ನ, ಸಾರು ಬರುತ್ತದೆ. ಬಡಿಸುವವರು ಇನ್ನಷ್ಟು ಹಾಕಲೇ ಎಂದು ಕೇಳುತ್ತಾರೆ. ಭೀಮ ಒಂದು ಬಂಡಿ ಅನ್ನ ತಿಂದದ್ದು ನಿಜವಿರಬಹುದೆ ಎಂಬ ಚರ್ಚೆ ಸಾಮಾನ್ಯವಾಗಿ ಇಲ್ಲೇ ಶುರುವಾಗುತ್ತದೆ, ಹಿಂದಿರುಗುವ ಬಸ್ಸಿನಲ್ಲಿ ಶಿಡ್ಲಘಟ್ಟ ದಾಟುವವರೆಗೂ ನಡೆಯುತ್ತದೆ.